ತಾರಸಿಯ ಮೇಲಿನ ಪೆಟ್ಟಿಗೆ

ಈ ಸಭೆಯನ್ನು ನಡೆಸಿಕೊಡುತ್ತಿರುವ ಅಧ್ಯಕ್ಷರೇ, ಫಲಕ ಕೊಟ್ಟು ನನ್ನ ಕೈ ನೋಯುವಷ್ಟು ಕುಲುಕಿದ ಮುಖ್ಯ ಅತಿಥಿಗಳೇ, ಅಗ್ನಿಶಾಮಕ ದಳದ ಅಧಿಕಾರಿಗಳೇ, ಪಂಪ್‌ಹೌಸಿನ ನೆಲಮಾಳಿಗೆಯಿಂದ ಅಪರೂಪಕ್ಕೆ ಮೇಲೆ ಬಂದು ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುವ ನನ್ನ ಸಹೋದ್ಯೋಗಿಗಳೇ, ಅವರ ಮನೆಯವರೇ, ಮತ್ತು ಈ ಮನುಷ್ಯ ಮುಗಿಸಿದರೆ ಚಹಾ ಸಿಗುತ್ತದೆ ಎಂದು ಬಾಗಿಲ ಕಡೆ ನೋಡುತ್ತಿರುವ ಸಮಸ್ತ ಸಭಿಕರೇ,

ನಿರೂಪಕಿಯವರು ನನಗೆ ಹದಿನೈದು ನಿಮಿಷ ಕೊಟ್ಟಿದ್ದಾರೆ. ಈ ನೀರು ಸರಬರಾಜು ಸಂಸ್ಥೆಯಲ್ಲಿ ಮೂವತ್ತು ವರ್ಷ ದುಡಿದವನಿಗೆ ವರ್ಷಕ್ಕೆ ಅರ್ಧ ನಿಮಿಷ ಸಿಕ್ಕಿತು. ಕಡಿಮೆಯಲ್ಲ. ಒಂದೇ ಒಂದು ವಿನಂತಿ. ಎರಡನೇ ಸಾಲಿನ ಕೊನೆಯಲ್ಲಿ ಒಂದು ಕುರ್ಚಿ ಖಾಲಿ ಇದೆ. ಹಿಂದೆ ನಿಂತಿರುವವರು ದಯವಿಟ್ಟು ಅದರಲ್ಲಿ ಕೂರಬೇಡಿ.

ಮೊದಲಿಗೆ ಈ ಫಲಕದ ವಿಚಾರ. ಇದರ ಮೇಲೆ ‘ಅಸಾಧಾರಣ ಸೇವೆಗಾಗಿ’ ಎಂದು ಕೆತ್ತಿಸಿದ್ದೀರಿ. ನಾನು ಮಾಡಿದ್ದಾದರೂ ಏನು? ಕಳೆದ ವರ್ಷ ಸೇತುವೆಯ ಪಕ್ಕದ ಮರದ ಗೋದಾಮು ಹತ್ತಿ ಉರಿದ ದಿನ ಈ ಊರಿನ ಒಂದೇ ಒಂದು ನಲ್ಲಿಯೂ ನಿಲ್ಲಲಿಲ್ಲ. ಅಷ್ಟೇ. ಡಾಕ್ಟರು ರೋಗಿಯನ್ನು ಉಳಿಸಿದರೆ ರೋಗಿ ಜೀವಮಾನವಿಡೀ ನೆನೆಯುತ್ತಾನೆ. ನಲ್ಲಿ ತಿರುಗಿಸಿದಾಗ ನೀರು ಬಂತೆಂದು ಯಾರಾದರೂ ನಲ್ಲಿಯನ್ನು ನೆನೆದದ್ದುಂಟೇ? ಏನೂ ಆಗದಂತೆ ನೋಡಿಕೊಂಡದ್ದಕ್ಕೆ ಸನ್ಮಾನ ಮಾಡುವ ಊರು ದೊಡ್ಡ ಮನಸ್ಸಿನ ಊರು. ‘ಅಲ್ಲಿ ಹೋಗಿ ಜಂಭ ಕೊಚ್ಕೋಬೇಡಿ’ ಎಂದು ಹೆಂಡತಿ ಹೇಳಿ ಕರೆತಂದಿದ್ದಾಳೆ. ಆಕೆ ಎರಡನೇ ಸಾಲಿನಲ್ಲಿದ್ದಾಳೆ, ಹಾಗಾಗಿ ನಾನು ಮೂರನೇ ಸಾಲನ್ನು ನೋಡಿಕೊಂಡು ಕೊಚ್ಚಿಕೊಳ್ಳುತ್ತೇನೆ.

ಇನ್ನೊಂದು ವಿಚಾರ. ಮೈಕಿನ ಪಕ್ಕ ನಾನು ಈ ಹಳೆಯ ವಾಕಿಟಾಕಿಯನ್ನು ನಿಲ್ಲಿಸಿದ್ದೇನೆ. ಅದರ ಬಟನ್ನಿಗೆ ಒಂದು ರಬ್ಬರ್ ಬ್ಯಾಂಡ್ ಸುತ್ತಿದೆ. ಇದೇನು ಸಾರ್ ಎಂದು ನಿರೂಪಕಿಯವರು ಕೇಳಿದರು. ಅಧ್ಯಕ್ಷರ ಅನುಮತಿ ಪಡೆದೇ ತಂದಿದ್ದೇನೆ, ಯಾರಿಗೂ ತೊಂದರೆಯಾಗದ ಚಾನೆಲ್ಲಿಗೆ ಹಾಕಿದ್ದೇನೆ. ಯಾಕೆಂದು ಕೊನೆಗೆ ಹೇಳುತ್ತೇನೆ.

ಸಭಿಕರೇ, ನಮ್ಮ ಊರಿನ ನೀರಿನ ಕಥೆ ಬಹಳ ಸರಳ. ನದಿಯ ದಂಡೆಯಲ್ಲಿ ಪಂಪ್‌ಹೌಸು. ಗುಡ್ಡದ ಮೇಲೆ ದೊಡ್ಡ ಟ್ಯಾಂಕು. ಇವೆರಡರ ನಡುವೆ, ಈ ಸಭಾಂಗಣದ ಮೇಲ್ಮಹಡಿಯಲ್ಲಿ ನಮ್ಮ ಕಂಟ್ರೋಲ್ ರೂಮು. ಪಂಪಿಗೆ ಟ್ಯಾಂಕು ಕಾಣುವುದಿಲ್ಲ. ಟ್ಯಾಂಕಿಗೆ ಪಂಪು ಕಾಣುವುದಿಲ್ಲ. ಟ್ಯಾಂಕು ‘ಸಾಕು’ ಎಂದದ್ದು ಪಂಪಿಗೆ ಕೇಳಿಸಬೇಕು, ‘ಇನ್ನೂ ಬೇಕು’ ಎಂದದ್ದೂ ಕೇಳಿಸಬೇಕು. ನಡುವೆ ಮಾತು ಕಡಿದುಹೋದರೆ ಕಬ್ಬಿಣಕ್ಕೆ ಸ್ವಂತ ಬುದ್ಧಿಯಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ ಹಿರಿಯರು. ನಮ್ಮ ಕೆಲಸದಲ್ಲಿ ಮೌನ ಬಂಗಾರವಲ್ಲ. ಮೌನವೆಂದರೆ ಎಲ್ಲೋ ಕೇಬಲ್ ತುಂಡಾಗಿದೆ ಎಂದರ್ಥ.

ನಾನು ಕೆಲಸಕ್ಕೆ ಸೇರಿದಾಗ ಈ ಮಾತುಗಳನ್ನೆಲ್ಲ ಸಾಗಿಸುತ್ತಿದ್ದದ್ದು ವೈರ್‌ಲೆಸ್ಸು. ವೈರ್‌ಲೆಸ್ ರೂಮಿನಲ್ಲಿ ಕೂರುತ್ತಿದ್ದವನು ನನ್ನ ಅಣ್ಣ. ಹೊಸಬರಿಗೆ ಇದು ಗೊತ್ತಿರಲಾರದು. ನನ್ನನ್ನು ಈ ಸಂಸ್ಥೆಗೆ ಸೇರಿಸಿದ್ದೂ ಅವನೇ. ಮಾತಿನಲ್ಲಿ ಬಹಳ ಜಿಪುಣ. ವೈರ್‌ಲೆಸ್ಸಿನಲ್ಲಿ ಒಂದು ಪದ ಸಾಕಾಗುವ ಕಡೆ ಎರಡು ಪದ ಹೇಳಿದರೆ ಬೈಯುತ್ತಿದ್ದ. ಆಮೇಲೆ ಆ ಒಂದು ಪದವೂ ದಂಡವೆನಿಸಿ ಬಟನ್ ಒತ್ತಿ ಬಿಡುವುದಕ್ಕೆ ಶುರು ಮಾಡಿದ. ಒಮ್ಮೆ ಟಕ್ ಎಂದರೆ, ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಹೇಳು. ಎರಡು ಸಲ ಟಕ್ ಎಂದರೆ, ಕೇಳಿಸಿತು. ಮೂರು ಸಲ ಎಂದರೆ, ನೀನೇ ಹೊರಟು ಬಾ. ಇಡೀ ಸಂಸ್ಥೆ ಈ ಮೂರು ಮಾತಿನ ಭಾಷೆಯನ್ನು ಕಲಿಯಿತು. ಮನೆಯಲ್ಲಿ ಊಟಕ್ಕೆ ಕೂತಾಗಲೂ ಚಮಚದಿಂದ ತಟ್ಟೆಗೆ ಎರಡು ಬಡಿದರೆ ಸಾಕೆಂದರ್ಥ. ‘ನಂಗೆ ಸಿಕ್ಕಿದ್ದು ಗಂಡ ಅಲ್ಲ ಕಣೋ, ಗೋಡೆ ಗಡಿಯಾರ’ ಎನ್ನುತ್ತಿದ್ದರು ಅತ್ತಿಗೆ. ಅವರೂ ಇಲ್ಲೇ ಇದ್ದಾರೆ, ಆ ಖಾಲಿ ಕುರ್ಚಿಯ ಪಕ್ಕದಲ್ಲಿ.

ಆಮೇಲೆ ಕಾಲ ಬದಲಾಯಿತು. ಆಪ್ಟಿಕಲ್ ಫೈಬರ್ ಬಂತು. ಕೂದಲೆಳೆಯಷ್ಟು ಸಣ್ಣ ಗಾಜಿನ ಎಳೆಯಲ್ಲಿ ಇಡೀ ಊರಿನ ಲೆಕ್ಕ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ನಾನು ಆಗ ಸಂಪರ್ಕ ವಿಭಾಗದ ಎಂಜಿನಿಯರ್ ಆಗಿದ್ದೆ. ಹಿತ್ತಲ ಗಿಡ ಮದ್ದಲ್ಲ, ಅಲ್ಲವೇ? ಅಣ್ಣನ ಸೆಟ್ಟುಗಳು ನನ್ನ ಕಣ್ಣಿಗೆ ಹಳೇ ಡಬ್ಬಗಳಾಗಿ ಕಂಡವು. ಪಂಪ್‌ಹೌಸಿನಿಂದಲೂ ಗುಡ್ಡದ ಟ್ಯಾಂಕಿನಿಂದಲೂ ಅವನ್ನು ಬಿಚ್ಚಿಸಿದೆ. ಫೈಬರ್ ತುಂಡಾದರೆ ಏನು ಗತಿ ಎಂದು ಸಭೆಯಲ್ಲಿ ಯಾರೋ ಕೇಳಿದರು. ನಾನೇನು ದಡ್ಡನೇ? ಒಂದರ ಬದಲು ಎರಡು ಕೇಬಲ್ ಹಾಕಿಸಿದೆ.

ಅಣ್ಣ ಬಂದು ನೋಡಿದ. ‘ಎರಡು ಕೇಬಲ್ ಹಾಕಿದೀಯ, ಸರಿ. ಎರಡನ್ನೂ ಒಂದೇ ಹಳ್ಳದಲ್ಲಿ ಯಾಕೋ ಮಲಗಿಸ್ದೆ?’

‘ಇನ್ನೇನು, ರಸ್ತೇನ ಎರಡು ಸಲ ಅಗೀಬೇಕಾ ಅಣ್ಣ? ರಸ್ತೆ ಇಲಾಖೆಯವರು ಒಂದು ಸಲ ಒಪ್ಪಿದ್ದೇ ಹೆಚ್ಚು.’

‘ಒಂದು ಗುದ್ದಲಿ ಸಾಕಲ್ಲೋ ಎರಡಕ್ಕೂ.’

ನಾನು ನಕ್ಕೆ. ಅಗೆಯುವವರಿಗಾಗಿ ದಾರಿಯುದ್ದಕ್ಕೂ ಬೋರ್ಡು ಹಾಕಿಸಿದ್ದೇನೆ ಎಂದೆ. ಅಣ್ಣ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ಎಂದು ಸಹೋದ್ಯೋಗಿಗಳ ಹತ್ತಿರ ಹೇಳಿಕೊಂಡು ತಿರುಗಿದೆ. ಮೊಲವನ್ನು ಹಿಡಿದಿದ್ದವನು ನಾನೇ ಎಂದು ತಿಳಿಯುವುದಕ್ಕೆ ಎರಡು ತಿಂಗಳು ಬೇಕಾಯಿತು.

ಈಗ ಹನ್ನೊಂದು ವರ್ಷದ ಹಿಂದಿನ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಹೊಸ ಕಂಟ್ರೋಲ್ ರೂಮಿನ ಉದ್ಘಾಟನೆ. ಗೋಡೆಯಗಲ ಪರದೆ. ಅತಿಥಿಗಳ ಸಾಲು. ಪರದೆಯ ಮೇಲೆ ಗುಡ್ಡದ ಟ್ಯಾಂಕಿನ ಮಟ್ಟ ದೊಡ್ಡ ಹಸಿರು ಅಂಕಿಯಲ್ಲಿ, ನೂರಕ್ಕೆ ಅರವತ್ತೆರಡು. ನಾನು ಅತಿಥಿಗಳಿಗೆ ಏನು ಹೇಳಿದೆ ಗೊತ್ತೇ? ‘ನೋಡಿ ಸಾರ್, ಮುಕ್ಕಾಲು ಗಂಟೆಯಿಂದ ಅರವತ್ತೆರಡು. ಒಂದು ಕೂದಲೆಳೆ ಆಚೀಚೆ ಇಲ್ಲ. ಇದು ಹೊಸ ತಂತ್ರಜ್ಞಾನದ ಸ್ಥಿರತೆ.’ ಅತಿಥಿಗಳು ತಲೆದೂಗಿದರು. ಒಬ್ಬರು ಚಪ್ಪಾಳೆ ಕೂಡ ತಟ್ಟಿದರು.

ಸಿಬ್ಬಂದಿಯ ವಾಕಿಟಾಕಿಗಳಿಗಾಗಿ ಉಳಿಸಿಕೊಂಡಿದ್ದ ಕೆಳಗಿನ ವೈರ್‌ಲೆಸ್ ರೂಮಿನಿಂದ ಫೋನು ಬಂತು, ಅಲ್ಲೂ ಒಂದು ಸಣ್ಣ ಪರದೆ ಇತ್ತು. ‘ಆ ಅಂಕಿ ಯಾಕೋ ಅಲ್ಲಾಡ್ತಿಲ್ಲ?’ ಎಂದ ಅಣ್ಣ. ‘ನೀರು ಅಂದ್ಮೇಲೆ ಅಲುಗಬೇಕು ಕಣೋ. ಅಳತೆ ಉಸಿರಾಡ್ತಿರಬೇಕು. ಸುಮ್ನೆ ನಿಂತಿದೆ ಅಂದ್ರೆ ಸತ್ತಿದೆ ಅಂತ.’

‘ಅಣ್ಣ, ಅತಿಥಿಗಳಿದಾರೆ. ಆಮೇಲೆ ಮಾತಾಡೋಣ’ ಎಂದು ಫೋನಿಟ್ಟೆ.

ಮುಕ್ಕಾಲು ಗಂಟೆಯ ಹಿಂದೆಯೇ ಗುಡ್ಡದ ರಸ್ತೆಯ ಮೂರನೇ ತಿರುವಿನಲ್ಲಿ ಯಾರೋ ಚರಂಡಿಗೆಂದು ಅಗೆದಿದ್ದರು. ನನ್ನ ಬೋರ್ಡಿನ ಬುಡದಲ್ಲೇ ಅಗೆದಿದ್ದರು. ಎರಡೂ ಕೇಬಲ್ ಒಂದೇ ಏಟಿಗೆ ಹೋಗಿದ್ದವು. ನಮ್ಮ ಪರದೆ, ಪಾಪ, ತನಗೆ ಕೊನೆಯದಾಗಿ ಕೇಳಿಸಿದ ಅಂಕಿಯನ್ನೇ ಹಿಡಿದುಕೊಂಡು ಹಸಿರಾಗಿ ನಗುತ್ತಿತ್ತು. ನದಿಯ ಪಂಪಿಗೂ ಕೊನೆಯದಾಗಿ ಕೇಳಿಸಿದ್ದು ‘ಇನ್ನೂ ಬೇಕು’ ಎಂಬ ಮಾತು. ಅದು ಎತ್ತುತ್ತಲೇ ಇತ್ತು. ಗುಡ್ಡದ ಮೇಲೆ ಟ್ಯಾಂಕು ತುಂಬಿ ಉಕ್ಕಿ ನೀರು ಮೆಟ್ಟಿಲ ಮೇಲಿಂದ ಇಳಿಯುತ್ತಿತ್ತು. ಆ ಮೆಟ್ಟಿಲುಗಳ ಬುಡದಲ್ಲಿ ಏನಿದೆ ಎಂದು ಈ ಊರಿನವರಿಗೆ ನಾನು ಹೇಳಬೇಕಿಲ್ಲ. ಶಾಲೆಯಿದೆ.

ಅಣ್ಣ ಯಾರಿಗೂ ಹೇಳದೆ ಎದ್ದು, ಸೈಕಲ್ ಹತ್ತಿ, ಗುಡ್ಡಕ್ಕೆ ಹೋದ. ನೂರಾ ಹನ್ನೆರಡು ಮೆಟ್ಟಿಲು, ಎದುರಿಗೆ ಮೊಣಕಾಲೆತ್ತರ ನೀರು. ಮೇಲೆ ಹೋಗಿ ಒಳಹರಿವಿನ ವಾಲ್ವಿನ ಚಕ್ರವನ್ನು ಕೈಯಲ್ಲೇ ತಿರುಗಿಸಿ ಮುಚ್ಚಿದ. ಶಾಲೆಯ ಅಂಗಳದಲ್ಲಿ ಮಕ್ಕಳ ಪಾದ ಮುಳುಗುವಷ್ಟು ನೀರು ಬಂದು ನಿಂತಿತು. ಅದಕ್ಕಿಂತ ಮೇಲೆ ಏರಲಿಲ್ಲ. ಇಳಿಯುವಾಗ ಅಣ್ಣ ಜಾರಿ ಬಿದ್ದ. ಎಡಮೊಣಕಾಲು ಇವತ್ತಿಗೂ ಮಡಚುವುದಿಲ್ಲ.

ವಿಚಾರಣೆ ನಡೆಯಿತು. ವರದಿ ಬರೆದವನು ನಾನು. ಅದರಲ್ಲಿ ಒಂದು ವಾಕ್ಯವಿದೆ. ಕಚೇರಿಯ ಕಪಾಟಿನಲ್ಲಿ ಈಗಲೂ ಇದೆ, ನನಗೆ ಬಾಯಿಪಾಠ. ‘ಘಟನೆಯ ವೇಳೆ ವೈರ್‌ಲೆಸ್ ಸಿಬ್ಬಂದಿ ಅನುಮತಿಯಿಲ್ಲದೆ ಸ್ಥಾನ ಬಿಟ್ಟು ತೆರಳಿದ್ದು, ಇದರಿಂದ ಸಂಪರ್ಕಕ್ಕೆ ಮತ್ತಷ್ಟು ಅಡಚಣೆಯಾಯಿತು.’

ಸ್ಥಾನ ಬಿಟ್ಟಿದ್ದು ನಿಜ. ಅನುಮತಿ ಕೇಳದೇ ಇದ್ದದ್ದೂ ನಿಜ. ಎಲ್ಲಿಗೆ ಹೋಗಿದ್ದ, ಯಾಕೆ ಹೋಗಿದ್ದ ಎಂದು ಬರೆಯಲಿಲ್ಲ. ಒಂದೇ ಕಂದಕದ ವಿಚಾರ ಬರೆಯಲಿಲ್ಲ. ಫೋನಿನ ವಿಚಾರ ಬರೆಯಲಿಲ್ಲ. ಅಣ್ಣನಿಗೆ ಎಚ್ಚರಿಕೆಯ ಪತ್ರ ಹೋಯಿತು, ಉಗ್ರಾಣಕ್ಕೆ ವರ್ಗವಾಯಿತು. ಆರು ತಿಂಗಳಿಗೆ ಸ್ವಯಂ ನಿವೃತ್ತಿ ತೆಗೆದುಕೊಂಡ. ನನಗೆ ಬಡ್ತಿ ಸಿಕ್ಕಿತು. ಅಂದಿನಿಂದ ಅಣ್ಣ ನನ್ನೊಡನೆ ಮಾತಾಡಿಲ್ಲ.

ಕ್ಷಮಿಸಿ. ನೀರು ಕುಡಿಯುತ್ತೇನೆ. ಇದೂ ನಮ್ಮದೇ ನೀರು.

ಜಂಭದ ಕಡೆಗೆ ಹೋಗೋಣ, ಅದು ಸುಲಭ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರಲ್ಲ, ನಾನು ಬಾಗಿಲು ಹಾಕಲು ಕೂತೆ. ಒಂದು ಮುಖ್ಯವಾದ ಕಾಗದವನ್ನು ದೂರದ ಊರಿಗೆ ತಲುಪಿಸಬೇಕು ಎಂದುಕೊಳ್ಳಿ. ನಾಲ್ಕು ಪ್ರತಿ ಮಾಡಿ ನಾಲ್ವರ ಕೈಯಲ್ಲಿ ಕೊಡುತ್ತೀರಿ. ನಾಲ್ವರೂ ಒಂದೇ ಬಸ್ಸು ಹತ್ತಿದರೆ? ನಾನು ಹನ್ನೊಂದು ವರ್ಷದ ಹಿಂದೆ ಮಾಡಿದ್ದು ಅದನ್ನೇ. ಈ ಸಲ ಒಬ್ಬನನ್ನು ಬಸ್ಸಿನಲ್ಲಿ, ಒಬ್ಬನನ್ನು ದೋಣಿಯಲ್ಲಿ, ಒಬ್ಬನನ್ನು ಸೈಕಲ್ಲಿನಲ್ಲಿ, ಒಬ್ಬನನ್ನು ಕಾಲ್ನಡಿಗೆಯಲ್ಲೇ ಕಳಿಸಬೇಕು ಎಂದು ತೀರ್ಮಾನಿಸಿದೆ. ಫೈಬರ್ ಇರಲಿ. ಅದು ಹೋದರೆ ಮೊಬೈಲ್ ಜಾಲ. ಅದೂ ಹೋದರೆ ಕರೆಂಟಿನ ತಂತಿಯ ಮೇಲೆಯೇ ಮಾತು ಕಳಿಸುವ ಉಪಾಯ. ಕೊನೆಗೆ ವೈರ್‌ಲೆಸ್ಸು. ಯಾವ ದಾರಿ ಜೀವಂತವಾಗಿದೆ ಎಂದು ಯಂತ್ರವೇ ಕ್ಷಣಕ್ಷಣಕ್ಕೂ ನೋಡಿಕೊಂಡು ಮಾತನ್ನು ಆ ದಾರಿಗೆ ಹತ್ತಿಸುತ್ತದೆ. ವೈರ್‌ಲೆಸ್ಸಿನಲ್ಲಿ ಜಾಗ ಕಡಿಮೆ, ಅಲ್ಲಿಗೆ ಬಂದಾಗ ಯಂತ್ರವೂ ಜಿಪುಣನಾಗುತ್ತದೆ. ಪಂಪು ಓಡಲಿ, ವಾಲ್ವು ಮುಚ್ಚಲಿ, ನೀರು ಇಷ್ಟಿದೆ. ಅದಕ್ಕಿಂತ ಒಂದು ಪದ ಹೆಚ್ಚಿಲ್ಲ. ಈ ಜಿಪುಣತನ ಯಾರಿಂದ ಕಲಿತದ್ದು ಎಂದು ನಿಮಗೆ ಅರ್ಥವಾಗಿರಬೇಕು.

ಇನ್ನೊಂದು ಕಟ್ಟಳೆ ಮಾಡಿದೆ. ಪಂಪಾಗಲಿ ಟ್ಯಾಂಕಾಗಲಿ ಹತ್ತು ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎನ್ನಬೇಕು. ಮೂರು ಸಲ ಅನ್ನಲಿಲ್ಲವೋ, ಪರದೆಯ ಅಂಕಿ ಬೂದು ಬಣ್ಣಕ್ಕೆ ತಿರುಗಿ, ಇದು ಎಷ್ಟು ಹೊತ್ತಿನ ಹಳೆಯ ಮಾತು ಎಂದು ಪಕ್ಕದಲ್ಲಿ ಬರೆದುಕೊಳ್ಳುತ್ತದೆ. ಯಾವ ದಾರಿಯೂ ಉಳಿಯದಿದ್ದರೆ ಪಂಪು ತಾನಾಗಿಯೇ ವೇಗ ಇಳಿಸಿ ಸುಮ್ಮನಾಗುತ್ತದೆ. ಸತ್ತ ಅಂಕಿ ಈ ಊರಿನಲ್ಲಿ ಇನ್ನೆಂದೂ ಹಸಿರಾಗಿ ನಗುವುದಿಲ್ಲ.

ಎಲ್ಲವೂ ಸಿದ್ಧವಾಯಿತು, ವೈರ್‌ಲೆಸ್ ಒಂದನ್ನು ಬಿಟ್ಟು. ಎತ್ತರದ ಕಟ್ಟಡಗಳು ಎದ್ದು, ಇಲ್ಲಿಂದ ಕಳಿಸಿದ್ದು ಗುಡ್ಡಕ್ಕೆ ಮುಟ್ಟುತ್ತಿರಲಿಲ್ಲ. ಎಲ್ಲಿ ನಿಂತರೆ ಯಾವುದು ಕೇಳಿಸುತ್ತದೆ ಎಂದು ಬಲ್ಲವನು ಈ ಊರಿನಲ್ಲಿ ಒಬ್ಬನೇ. ಅವನ ಹತ್ತಿರ ಹೋಗಲು ನನಗೆ ಮುಖವಿರಲಿಲ್ಲ. ಒಂದು ಭಾನುವಾರ ಅತ್ತಿಗೆ ನಮ್ಮ ಮನೆಗೆ ಬಂದರು. ಕೈಚೀಲದಿಂದ ಒಂದು ಹಳೆಯ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟರು. ‘ಹಳೇ ಪೇಪರಿಗೆ ಹಾಕ್ಬೇಕು ಅಂತ ಹೊರಗಿಟ್ಟಿದ್ರು. ನಿನಗೇನಾದ್ರೂ ಬೇಕಾ ನೋಡು’ ಎಂದರು. ತೆರೆದರೆ ಇಪ್ಪತ್ತು ವರ್ಷದ ದಾಖಲೆ. ಯಾವ ಬೀದಿ, ಯಾವ ಮಹಡಿ, ಎಷ್ಟು ಸ್ಪಷ್ಟ. ಕೊನೆಯ ಪುಟದ ಶಾಯಿ ಮಾತ್ರ ಹೊಸದು. ಅಲ್ಲಿ ಒಂದೇ ಸಾಲು. ‘ನದಿ, ಗುಡ್ಡ, ಕಚೇರಿ ಮೂರೂ ಕೇಳಿಸುವ ಜಾಗ: ನಮ್ಮ ಮನೆ ತಾರಸಿ.’

ಹಳೇ ಪೇಪರಿಗೆ ಹಾಕುವ ಪುಸ್ತಕದಲ್ಲಿ ಯಾರಾದರೂ ಹೊಸ ಸಾಲು ಬರೆಯುತ್ತಾರೆಯೇ ಸಭಿಕರೇ? ಆದರೂ ನಾನು ಹೋಗಲಿಲ್ಲ. ಮನೆ ಮಾಲೀಕರ ಒಪ್ಪಿಗೆಗಾಗಿ ಫಾರಂ ಕಳಿಸಿದೆ. ಸ್ವಂತ ಅಣ್ಣನಿಗೆ, ಕಚೇರಿಯ ಮೊಹರು ಹಾಕಿ, ‘ಮಾನ್ಯರೇ’ ಎಂದು ಬರೆದು, ಫಾರಂ! ಮೂರನೇ ದಿನಕ್ಕೆ ಸಹಿಯಾಗಿ ಬಂತು. ಸಹಿ ಬಿಟ್ಟರೆ ಒಂದು ಅಕ್ಷರವಿಲ್ಲ. ತಂತ್ರಜ್ಞರು ಹೋಗಿ ತಾರಸಿಯ ಮೇಲೆ ಪೆಟ್ಟಿಗೆಯನ್ನೂ ಕಂಬವನ್ನೂ ನಿಲ್ಲಿಸಿ ಬಂದರು. ಅವರು ಕೆಲಸ ಮಾಡುವಷ್ಟು ಹೊತ್ತೂ ಅಣ್ಣ ಕೆಳಗೆ ಪೇಪರ್ ಓದುತ್ತಿದ್ದನಂತೆ. ಪೇಪರ್ ತಲೆಕೆಳಗಾಗಿತ್ತು ಎಂದು ಅತ್ತಿಗೆ ಆಮೇಲೆ ಹೇಳಿದರು.

ಇನ್ನು ಬೆಂಕಿಯ ದಿನ. ಮಧ್ಯಾಹ್ನ ಎರಡು ಗಂಟೆಗೆ ಗೋದಾಮು ಹತ್ತಿತು. ಎರಡೂಕಾಲಿಗೆ ಸೇತುವೆಯ ಕೆಳಗಿನ ನಮ್ಮ ಫೈಬರ್ ಕರಗಿತು. ಮಾತು ಮೊಬೈಲಿಗೆ ಹತ್ತಿತು. ಅಷ್ಟರಲ್ಲಿ ಇಡೀ ಊರು ಬೆಂಕಿಯ ಚಿತ್ರ ಕಳಿಸುವುದರಲ್ಲಿ ಮುಳುಗಿತ್ತು, ನಿಮ್ಮಲ್ಲೂ ಅನೇಕರು ಕಳಿಸಿದ್ದೀರಿ, ನನ್ನ ಹೆಂಡತಿ ನನಗೇ ಕಳಿಸಿದ್ದಳು. ಮೊಬೈಲ್ ಉಸಿರುಗಟ್ಟಿ ಮಲಗಿತು. ಅಪಾಯವೆಂದು ಕರೆಂಟು ತೆಗೆದರು, ಆ ದಾರಿಯೂ ಹೋಯಿತು. ಇತ್ತ ಅಗ್ನಿಶಾಮಕ ದಳದಿಂದ ಒಬ್ಬರು ಓಡಿಬಂದು ಬಾಗಿಲಲ್ಲೇ ನಿಂತು ‘ಪ್ರೆಷರ್ ಬೇಕು, ಈಗಲೇ ಬೇಕು’ ಎಂದರು. ಗುಡ್ಡದ ಎರಡನೇ ವಾಲ್ವು ತೆರೆಯಬೇಕು, ನದಿಯ ಮೂರನೇ ಪಂಪು ಜನರೇಟರಿನ ಮೇಲೆ ಎಬ್ಬಿಸಬೇಕು. ಪರದೆಯ ಅಂಕಿಗಳೆಲ್ಲ ಬೂದು ಬಣ್ಣಕ್ಕೆ ತಿರುಗಿದವು. ಹತ್ತು ಸೆಕೆಂಡು. ಇಪ್ಪತ್ತು ಸೆಕೆಂಡು. ಆಪರೇಟರ್ ಮೇಡಂ ಕುರ್ಚಿಯಿಂದ ಎದ್ದೇ ನಿಂತರು. ‘ಸಾರ್, ಬಂತು! ಸಾರ್, ಟ್ಯಾಂಕು ಬಂತು! ಪಂಪೂ ಬಂತು!’

ಅಂಕಿ ಹಸಿರಾಯಿತು. ಮತ್ತು ಅದು ಅಲುಗುತ್ತಿತ್ತು. ಎಪ್ಪತ್ತೊಂದು, ಎಪ್ಪತ್ತು, ಎಪ್ಪತ್ತೊಂದು. ಉಸಿರಾಡುತ್ತಿತ್ತು!

ಮಾತು ಯಾವ ದಾರಿಯಲ್ಲಿ ಹೋಗುತ್ತಿದೆ ಎಂದು ಪರದೆಯ ಮೂಲೆಯಲ್ಲಿ ಕಾಣಿಸುತ್ತದೆ. ಕಚೇರಿ, ತಾರಸಿ, ಗುಡ್ಡ. ಕಚೇರಿ, ತಾರಸಿ, ನದಿ. ಮೂರೂವರೆ ಗಂಟೆ ಕಾಲ ಈ ಊರಿನ ನೀರು ನನ್ನ ಅಣ್ಣನ ಮನೆಯ ತಾರಸಿಯ ಮಾತಿನ ಮೇಲೆ ಹರಿಯಿತು. ಬೆಂಕಿ ಪಕ್ಕದ ಬೀದಿಗೆ ದಾಟಲಿಲ್ಲ. ಒಂದು ಜೀವ ಹೋಗಲಿಲ್ಲ. ಆಸ್ಪತ್ರೆಯ ನಲ್ಲಿಯಿಂದ ಹಿಡಿದು ಶಾಲೆಯ ನಲ್ಲಿಯವರೆಗೆ ಯಾವುದೂ ನಿಲ್ಲಲಿಲ್ಲ. ಚಪ್ಪಾಳೆ ತಟ್ಟಿ, ಧಾರಾಳವಾಗಿ ತಟ್ಟಿ. ಹಂಚಿಕೊಳ್ಳಲು ಇನ್ನೊಬ್ಬರಿದ್ದಾರೆ.

ಯಾಕೆಂದರೆ, ಆಮೇಲೆ ನಾನು ಲೆಕ್ಕ ಹಾಕಿದೆ. ಆ ಪೆಟ್ಟಿಗೆಯ ಬ್ಯಾಟರಿಯ ಆಯಸ್ಸು ಮೂರು ವರ್ಷ. ಹಾಕಿ ಒಂಬತ್ತು ವರ್ಷವಾಗಿತ್ತು. ನಿರ್ವಹಣೆಗೆ ಆ ಮನೆಗೆ ಯಾರನ್ನಾದರೂ ಕಳಿಸಿದ್ದೆನೇ? ಇಲ್ಲ. ಕಳಿಸಿದರೆ ಅಣ್ಣ ಏನೆಂದುಕೊಳ್ಳುತ್ತಾನೋ ಎಂಬ ನಾಚಿಕೆಯಲ್ಲಿ ಪ್ರತಿ ವರ್ಷ ಮುಂದೂಡಿದ್ದೆ. ನೋಡಿಕೊಂಡು ಬರಲು ಬೆಂಕಿ ಆರಿದ ವಾರ ಒಬ್ಬ ತಂತ್ರಜ್ಞರನ್ನು ಕಳಿಸಿದೆ. ಅವರು ಬಂದು ಹೇಳಿದರು, ಪೆಟ್ಟಿಗೆಗೆ ಬಣ್ಣ ಬಳಿದಿದೆ, ಬ್ಯಾಟರಿ ಹೊಸದು, ಮುಚ್ಚಳದ ಒಳಮೈಯಲ್ಲಿ ಪೆನ್ಸಿಲಿನಲ್ಲಿ ತಾರೀಖುಗಳಿವೆ. ಪ್ರತಿ ಭಾನುವಾರದ ತಾರೀಖು. ಒಂದು ವಾರವೂ ತಪ್ಪಿಲ್ಲ. ಮಡಚದ ಮೊಣಕಾಲಿನಲ್ಲಿ ನನ್ನ ಅಣ್ಣ ಒಂಬತ್ತು ವರ್ಷ, ಪ್ರತಿ ವಾರ, ತಾರಸಿಯ ಮೆಟ್ಟಿಲು ಹತ್ತಿದ್ದಾನೆ. ನಾನು ಒಂದು ಸಲವೂ ಹತ್ತಲಿಲ್ಲ. ಇದನ್ನು ಹೇಳಲು ನನಗೆ ಬಹಳ ನಾಚಿಕೆಯಾಗುತ್ತದೆ, ಮತ್ತು ಅವನು ನನ್ನ ಅಣ್ಣ ಎನ್ನಲು ಬಹಳ ಹೆಮ್ಮೆಯಾಗುತ್ತದೆ.

ಇವತ್ತು ಬೆಳಿಗ್ಗೆ ಅಧ್ಯಕ್ಷರ ಮೇಜಿನ ಮೇಲೆ ಒಂದು ಕಾಗದ ಇಟ್ಟಿದ್ದೇನೆ. ಹನ್ನೊಂದು ವರ್ಷದ ಹಿಂದಿನ ವರದಿಯ ಆ ವಾಕ್ಯವನ್ನು ತೆಗೆದು, ನಡೆದದ್ದನ್ನು ನಡೆದ ಹಾಗೆ ಬರೆಯಬೇಕೆಂದು ಕೋರಿದ್ದೇನೆ. ಅಧ್ಯಕ್ಷರು ಸಹಿ ಹಾಕಿದ್ದಾರೆ.

ಈಗ ಈ ವಾಕಿಟಾಕಿ. ಅಣ್ಣನಿಗೆ ಆಹ್ವಾನ ಪತ್ರಿಕೆ ಹೋಗಿತ್ತು, ಅವನು ಬಂದಿಲ್ಲ. ‘ಮನೇಲಿ ಸೆಟ್ಟು ಆನ್ ಇದೆ, ಗರಗರ ಅಂತಿದೆ. ಕೇಳಿಸ್ಕೋತಾರೋ ಇಲ್ವೋ ನಂಗೊತ್ತಿಲ್ಲಪ್ಪ’ ಎಂದಿದ್ದಾರೆ ಅತ್ತಿಗೆ. ಬಟನ್ ಒತ್ತಿದ್ದಷ್ಟು ಹೊತ್ತು ನಮ್ಮ ಮಾತು ಹೋಗುತ್ತದೆ, ಆ ಕಡೆಯದು ಬರುವುದಿಲ್ಲ. ಈ ರಬ್ಬರ್ ಬ್ಯಾಂಡ್ ನಾನು ಮಾತು ಶುರು ಮಾಡಿದಾಗಿನಿಂದ ಅದನ್ನು ಒತ್ತಿಕೊಂಡೇ ಇದೆ. ಈಗ ತೆಗೆಯುತ್ತೇನೆ. ದಯವಿಟ್ಟು ಯಾರೂ ಕೆಮ್ಮಬೇಡಿ.

ತೆಗೆದೆ.

ಕೇಳಿಸಿತೇ? ಟಕ್. ಒಂದು ಸಲ. ಎರಡನೆಯದಿಲ್ಲ.

ನಗಬೇಡಿ ಸಭಿಕರೇ. ಒಂದು ಸಲ ಎಂದರೆ, ಸರಿಯಾಗಿ ಕೇಳಿಸಲಿಲ್ಲ, ಮತ್ತೆ ಹೇಳು. ಇಷ್ಟೊತ್ತು ಹೇಳಿದೆನಲ್ಲ! ಆದರೆ ನನಗೆ ಗೊತ್ತು ಅವನ ಬುದ್ಧಿ. ಒಂದು ಪದ ಸಾಕಾಗುವ ಕಡೆ ನಾನು ಸಾವಿರ ಪದ ಹೇಳಿದ್ದೇನೆ. ಸರಿ. ಬಟನ್ ಒತ್ತುತ್ತೇನೆ.

ಅಣ್ಣ. ತಪ್ಪು ನಂದು.

ಬಿಟ್ಟೆ.

ಟಕ್. ಟಕ್. ಎರಡು! ಕೇಳಿಸಿದೆ! ಅತ್ತಿಗೆ, ಕೇಳಿಸಿದೆ! ನಿಮ್ಮ ಚಪ್ಪಾಳೆ ಆಗಲೇ ಶುರುವಾಯಿತು... ಇರಿ, ಇರಿ, ಸ್ವಲ್ಪ ನಿಲ್ಲಿಸಿ. ಅದು ಏನು? ಇನ್ನೊಂದು ಬಂತೇ? ಮುಂದಿನ ಸಾಲಿನವರೇ, ನಿಮಗೂ ಕೇಳಿಸಿತೇ?

ಮೂರು.

ಅತ್ತಿಗೆ ಆಗಲೇ ಎದ್ದು ನಿಂತು ಕೈಚೀಲ ಹೆಗಲಿಗೆ ಹಾಕಿಕೊಂಡಿದ್ದಾರೆ. ಅಧ್ಯಕ್ಷರೇ, ನನ್ನ ಬಳಿ ಇನ್ನೂ ಎರಡು ನಿಮಿಷ ಉಳಿದಿದೆ, ಅದನ್ನು ಸಂಸ್ಥೆಗೆ ಹಿಂತಿರುಗಿಸುತ್ತೇನೆ. ಆ ಖಾಲಿ ಕುರ್ಚಿಯಲ್ಲಿ ಈಗ ಯಾರು ಬೇಕಾದರೂ ಕೂರಬಹುದು. ಫಲಕವನ್ನು ನಾನು ತೆಗೆದುಕೊಂಡು ಹೋಗುತ್ತೇನೆ, ಒಂದು ತಾರಸಿಯ ಮೆಟ್ಟಿಲು ಹತ್ತುವುದಿದೆ. ಇಷ್ಟು ಹೊತ್ತು ಸಹನೆಯಿಂದ ಕೇಳಿದ ನಿಮಗೆ, ಆ ಕಡೆ ಸೆಟ್ಟಿನ ಮುಂದೆ ಕೂತು ಕೇಳಿದ ಅವನಿಗೆ, ಎಲ್ಲರಿಗೂ ಕೃತಜ್ಞತೆಗಳು. ಬರುತ್ತೇನೆ. ನಮಸ್ಕಾರ.